ತಂಗಿ ಕಟ್ಟಿದ ಗರಿ

ಮುಕ್ಕಾಂ ಮೋರಖಂಡಿ
ತಾ. ೧೨-೧೧-೧೯೬೭

ತಂಗಿ ದ್ರೌಪತಿಗೆ ಅಣ್ಣ ಮಚ್ಚೇಂದ್ರನ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ಹಂದಿಗಳು ನಮಗಿಂತ ಕ್ಷೇಮ. ಈ ವರ್ಷ ಶೇಂಗಾ ಅಗೆಯುವ ಕೆಲಸವನ್ನು ಅವೇ ಮುಗಿಸಿವೆ. ಕೂಲಿ ಕೇಳಲು ಬಾಗಿಲಿಗೆ ಬರುವುದೊಂದು ಬಾಕಿ. ಊರ ಹಿರಿಯರು ನನ್ನನ್ನೂ ಲಾಲಪ್ಪ ಮಾವನನ್ನೂ ಕರೆಸಿ, “ಬಿಳಿಜೋಳರೆ ಉಳಸ್ರಪಾ” ಎಂದರು. ಮಾವ ಮೀಸೆ ತಿರುವಿ, “ಹಂದಿಗಿ ನಮ್ಮ ಹೆಸರು ಹೇಳ್ರಿ ಸಾಕು” ಎಂದ. ಅವನ ಕಣ್ಣು ನಿನಗೆ ಗೊತ್ತಲ್ಲ, ನಾಲ್ಕು ಮಾರಿನಾಚೆ ಹಂದಿಯೂ ಒಂದೇ ಎಮ್ಮೆಯೂ ಒಂದೇ. ಅವನು ಪೊದೆ ಬಡಿದು ಎಬ್ಬಿಸುತ್ತಾನೆ, ಬಿಲ್ಲು ನಾನೇ ಹಿಡಿಯಬೇಕು.

ಬಿದಿರಿನ ಕಡ್ಡಿಗಳನ್ನು ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿ ಕಳಿಸಿದ್ದೇನೆ. ಜೊತೆಗೆ ರಣಹದ್ದಿನ ಗರಿಗಳಿವೆ. ಊರ ಹೊರಗೆ ಬಿಸಾಕಿದ ಸತ್ತ ಎತ್ತಿನ ಮೇಲೆ ಇಳಿದಿದ್ದವು, ಎದ್ದುಹೋದ ಮೇಲೆ ಆರಿಸಿದೆ. ಎಡ ರೆಕ್ಕೆಯವು, ಬಲ ರೆಕ್ಕೆಯವು ಎಲ್ಲ ಬೆರೆತಿವೆ. ಒಂದು ಬಾಣದ ಮೂರೂ ಗರಿ ಒಂದೇ ರೆಕ್ಕೆಯವಾಗಿರಬೇಕು ಎಂಬುದು ಗೊತ್ತು, ಆದರೆ ನನ್ನ ಕಣ್ಣಿಗೆ ಎಲ್ಲವೂ ಒಂದೇ. ಆಯಿ ಹೇಳುತ್ತಿದ್ದಳಲ್ಲ: “ಗರಿ ಕಣ್ಣಿಗಿ ಸುಳ್ಳು ಹೇಳ್ತದ, ಬೆರಳಿಗಿ ಹೇಳಂಗಿಲ್ಲ.” ಆ ಬೆರಳು ಅವಳು ನಿನಗೆ ಕೊಟ್ಟು ಹೋದಳು.

ಮೊನ್ನೆ ನಿನ್ನ ವೈನಿ ಕೇಳಿದಳು, “ಹಿಡಿ ಬಾಣಕ್ಕ ಗರಿ ಕಟ್ಟಸಾಕ ಹುಮನಾಬಾದತನಾ ಯಾಕ ಕಳಸ್ತೀರಿ? ನಿಮಗ ಕೈ ಇಲ್ಲೇನು?” ಮದುವೆಯಾಗಿ ಎಂಟು ವರ್ಷವಾದರೂ ಅವಳಿಗೆ ನಮ್ಮ ಮನೆತನದ ಪದ್ಧತಿ ತಲೆಗೆ ಹತ್ತಿಲ್ಲ. ಬಾಣ ಅಣ್ಣನದು, ಗರಿ ತಂಗಿಯದು ಎಂದು ಹೇಳಿದೆ. ತನ್ನ ಗರಿ ತಾನೇ ಕಟ್ಟಿಕೊಂಡವನ ತಂಗಿ ಸತ್ತಿರಬೇಕು, ಇಲ್ಲವೆ ಅವಳಿಗೆ ತವರಿನ ಬಾಗಿಲು ಮುಚ್ಚಿರಬೇಕು. “ಹಂಗಾದ್ರ ನಾ ಯಾರ ಬಾಣಕ್ಕ ಕಟ್ಟಬೇಕು?” ಎಂದಳು. “ನಿಮ್ಮಣ್ಣಗ ಬಿಲ್ಲು ಹಿಡಿಯಾಕ ಬಂದ ದಿನ ಕಟ್ಟೀಯಂತ” ಎಂದೆ. ಆ ಹೊತ್ತಿನ ಪಲ್ಯಕ್ಕೆ ಉಪ್ಪು ಬೀಳಲಿಲ್ಲ.

ಕಟ್ಟನ್ನು ಬಸ್ಸಿನ ಕಂಡಕ್ಟರ್ ಸೂರ್ಯಕಾಂತನ ಕೈಗೆ ಕೊಟ್ಟಿದ್ದೇನೆ. “ಇದಕ್ಕ ಟಿಕೀಟು ಅರ್ಧಾನೋ ಪೂರಾನೋ?” ಎಂದು ಕೇಳಿದ. “ಕೂಸು, ತೊಡಿ ಮ್ಯಾಲ ಕುಂದ್ರಸ್ಕೋ” ಎಂದೆ.

ನಿನ್ನ ಅಣ್ಣ
ಮಚ್ಚೇಂದ್ರ

ಹುಮನಾಬಾದ
ತಾ. ೧೦-೧೨-೧೯೬೭

ಅಣ್ಣನಿಗೆ ದ್ರೌಪತಿಯ ನಮಸ್ಕಾರಗಳು.

ಕಟ್ಟು ಬಂತು. ಗರಿ ಕಟ್ಟಿ ಇದೇ ಸೂರ್ಯಕಾಂತಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಗರಿಗಳು ಒಳ್ಳೆಯವು, ದಂಟು ಗಟ್ಟಿ. ನಡುವೆ ಸೀಳಿ, ಕಲ್ಲಿಗೆ ತಿಕ್ಕಿ ತೆಳ್ಳಗೆ ಮಾಡಿದೆ. ಆಡಿನ ನರ ನೆನೆಸಿ ಎರಡೂ ತುದಿ ಬಿಗಿದಿದ್ದೇನೆ. ಅರಗಿಗೆ ಸ್ವಲ್ಪ ಜೇನುಮೇಣ ಬೆರೆಸಿದೆ, ಚಳಿಗೆ ಸಿಡಿಯದಿರಲೆಂದು. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಬೇಡ. ಈ ಸಲ ಚಳಿ ಹೆಚ್ಚು, ಬೆರಳು ಜೋಮು ಹಿಡಿದಂತೆ ಇರುತ್ತವೆ.

ಅಡುಗೆಮನೆಯಲ್ಲಿ ಹದ್ದಿನ ಗರಿ ಹರಡಿಕೊಂಡದ್ದನ್ನು ನೋಡಿ ಅತ್ತೆ ಶೇವಂತಾಬಾಯಿ, “ಸೊಸಿ ಹಾರಿ ಹೋಗಾಕ ತಯಾರಿ ನಡಸ್ಯಾಳ” ಎಂದು ಓಣಿಗೆಲ್ಲ ಹೇಳಿದರು. ಬೈಗುಳವಲ್ಲ, ತಮಾಷೆ. ಇವರು ಅಡತಿ ಅಂಗಡಿಯ ಹಮಾಲಿ ಮುಗಿಸಿ ಬಂದು ಒಂದು ಬಾಣ ಹಿಡಿದು ನೋಡಿದರು. ನಮ್ಮ ಪಂಡರಿಗೆ ಚೀಲ ಎತ್ತುವುದು ಬಿಟ್ಟರೆ ಬೇರೆ ಆಯುಧ ಗೊತ್ತಿಲ್ಲ ಎಂದು ಅತ್ತೆ ಅವರನ್ನೂ ಬಿಡಲಿಲ್ಲ.

ಒಂದು ನಗೆಯ ಸುದ್ದಿ. ಪಕ್ಕದ ಮನೆಯ ಮುನ್ನಿ ಬೀ ಮಾತಿಗೆ ಕೂತಿದ್ದಳು, ನಾನು ರೊಟ್ಟಿ ಬೇಯಿಸುತ್ತಿದ್ದೆ. ಆಕೆ ಮೂಗು ಮುಚ್ಚಿಕೊಂಡು, “ಸುಟ್ಟ ವಾಸನಿ ಬರಾಕತ್ತದಲ್ಲ ಬೇಟಿ, ರೊಟ್ಟಿ ತಿರುವು” ಎಂದಳು. ಸುಟ್ಟದ್ದು ರೊಟ್ಟಿಯಲ್ಲ, ನನ್ನ ಬೆರಳು. ಮಾತಿನ ಗುಂಗಿನಲ್ಲಿ ಗೊತ್ತೇ ಆಗಿರಲಿಲ್ಲ. ಎಲ್ಲರೂ ನಕ್ಕರು.

ವೈನಿಗೆ, ಮಕ್ಕಳಿಗೆ ನೆನಪು ಹೇಳು.

ದ್ರೌಪತಿ

ಮೋರಖಂಡಿ
ತಾ. ೭-೧-೧೯೬೮

ತಂಗಿಗೆ ಆಶೀರ್ವಾದ.

ಏನೆಂದು ಬರೆಯಲಿ. ಬಾಣ ಬಂದವು. ಎರಡು ಸರಿ ಹೋದವು, ಮೂರನೆಯದು ಸಿಂದಿ ಅಂಗಡಿಯಿಂದ ಎದ್ದವನಂತೆ ಹೋಯಿತು. ಹಂದಿ ನಿಂತು ನೋಡಿತು. ನಕ್ಕಿರಲೂಬಹುದು.

ಮಾವ ಆ ಬಾಣದ ಗರಿಗಳನ್ನು ಒಂದೊಂದಾಗಿ ತುಟಿಯ ಮೇಲೆ ಎಳೆದುಕೊಂಡು ನೋಡಿದ. ಕುರುಡರ ಉಪಾಯ. “ಎರಡು ಎಡಕ್ಕಿಂದು, ಒಂದು ಬಲಕ್ಕಿಂದು” ಎಂದ. ನಿನ್ನ ಕೈಯಿಂದ ಈ ತಪ್ಪು ಆಗುವುದೆಂದರೆ ನಾನು ನಂಬಲಿಲ್ಲ. ಬೇರೆಯವನ್ನೂ ತೋರಿಸಿದೆ, ಅವುಗಳಲ್ಲೂ ಬೆರಕೆ. ಇನ್ನೊಂದು ಮಾತು. ಆಯಿ ಅರಗನ್ನು ಹಸಿ ಕಡ್ಡಿಯಿಂದ ತೀಡಿ ನುಣ್ಣಗೆ ಮಾಡುತ್ತಿದ್ದಳು. ನೀನು ರೊಟ್ಟಿ ತಟ್ಟಿದ ಹಾಗೆ ಬೆರಳಿನಿಂದ ಒತ್ತಿಬಿಟ್ಟಿದ್ದೀಯ. ಪ್ರತಿ ಬಾಣದ ಮೇಲೂ ನಿನ್ನ ಹೆಬ್ಬೆರಳಿನ ಗೆರೆಗಳು ಎದ್ದು ಕಾಣುತ್ತವೆ. ಅಷ್ಟು ಅವಸರ ಏನಿತ್ತು?

ಮಾವ ಹಳೆಯ ಮಾತು ತೆಗೆದ: “ತಂಗೀ ಮನಸು ತಿರುಗಿದ್ರ ಬಾಣ ತಿರುಗ್ತದ.” ನಾನು ಅವನ ಬಾಯಿ ಮುಚ್ಚಿಸಿದೆ. ಆದರೂ ಕೇಳುತ್ತೇನೆ. ಪಂಚಮಿಗೆ ನಿನ್ನನ್ನು ಕರೆಯಲು ಬರಲಿಲ್ಲವೆಂದು ಬೇಜಾರೇ? ಆಗ ಎತ್ತಿನ ಕಾಲು ಕೆಟ್ಟಿತ್ತು, ಹೇಳಿ ಕಳಿಸಿದ್ದೆ. ಸಂಕ್ರಾಂತಿಗೆ ಹಸಿರು ಬಳೆ ಕಳಿಸಿದ್ದೇನೆ. ತೊಟ್ಟುಕೋ, ಸಿಟ್ಟು ಬಿಡು.

ಮಚ್ಚೇಂದ್ರ

ಹುಮನಾಬಾದ
ತಾ. ೧೮-೨-೧೯೬೮

ಅಣ್ಣನಿಗೆ ನಮಸ್ಕಾರ.

ಬಳೆ ಬಂದವು. ಚೆಂದ ಇವೆ. ಒಡೆದಾವೆಂದು ಎತ್ತಿಟ್ಟಿದ್ದೇನೆ.

ನನ್ನ ಮನಸ್ಸು ತಿರುಗಿಲ್ಲ. ತಿರುಗಿದರೆ ಯಾವ ಕಡೆಗೆ ತಿರುಗಬೇಕು ಹೇಳು, ಇರುವುದು ಅದೊಂದೇ ಮನೆ. ಗರಿ ಬೆರಕೆಯಾದದ್ದು ನನ್ನ ತಪ್ಪು. ಮಾವನ ಉಪಾಯ ಒಳ್ಳೆಯದಿದೆ, ಇನ್ನು ಮುಂದೆ ನಾನೂ ತುಟಿಯ ಮೇಲೆ ಎಳೆದೇ ಆರಿಸುತ್ತೇನೆ.

ನಮ್ಮ ಓಣಿಯಲ್ಲಿ ಒಂದು ಸಂಗತಿ ನಡೆದಿದೆ. ಒಬ್ಬ ಹೆಂಗಸಿನ ಮುಂಗೈ ಮೇಲೆ ಕಾಸಗಲದ ಬಿಳಿಚಿದ ಕಲೆ ಎದ್ದಿತ್ತು. ಊರಿಂದ ಊರಿಗೆ ತಿರುಗುವ ಸರಕಾರಿ ಡಾಕ್ಟರರು ಬಂದಾಗ ಅಲ್ಲಿ ಸೂಜಿ ಚುಚ್ಚಿದರು. ಅವಳಿಗೆ ತಿಳಿಯಲಿಲ್ಲ. ಕುಷ್ಠ ಎಂದರಂತೆ. ಬಿಳಿ ಗುಳಿಗೆ ಕೊಟ್ಟಿದ್ದಾರೆ. ರೋಗ ನಿಲ್ಲಬಹುದು, ಸತ್ತ ಬೆರಳು ತಿರುಗಿ ಬರುವುದಿಲ್ಲ ಎಂದರಂತೆ. ಗಂಡನ ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಇಟ್ಟುಕೊಳ್ಳುವುದಿಲ್ಲ. ಅವಳಿಗೆ ಒಬ್ಬ ಅಣ್ಣ ಇದ್ದಾನೆ. ಅವನು ಕರೆದುಕೊಂಡು ಹೋಗುತ್ತಾನೆ ಎಂದು ನಾನು, ಯಾರೂ ಬರುವುದಿಲ್ಲ ಎಂದು ಮುನ್ನಿ ಬೀ, ಹೀಗೆ ನಮ್ಮಿಬ್ಬರಿಗೂ ವಾದ ಬಿದ್ದಿದೆ. ನಿನಗೆ ಏನನ್ನಿಸುತ್ತದೆ? ಸುಮ್ಮನೆ ಕೇಳಿದೆ.

ದ್ರೌಪತಿ

ಮೋರಖಂಡಿ
ತಾ. ೯-೩-೧೯೬೮

ತಂಗಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಮನಸ್ಸು ಹಗುರವಾಯಿತು.

ಆ ಹೆಂಗಸಿನ ವಿಷಯ. ಪಾಪ ನಿಜ. ಆದರೆ ವಾದದಲ್ಲಿ ನೀನು ಸೋತೆ, ಮುನ್ನಿ ಬೀ ಗೆದ್ದಳು. ನಮ್ಮೂರ ದೇವಿದಾಸನಿಗೆ ಆ ದೊಡ್ಡ ರೋಗ ಬಂದದ್ದು ನೆನಪಿದೆಯಲ್ಲ? ಹಳ್ಳದಾಚೆ ಗುಡಿಸಲು ಹಾಕಿಕೊಟ್ಟರು. ಒಡಹುಟ್ಟಿದವರೇ ಕಲ್ಲಿನ ಮೇಲೆ ರೊಟ್ಟಿ ಇಟ್ಟು, ಚಪ್ಪಾಳೆ ತಟ್ಟಿ, ಅವನು ಹೊರಗೆ ಬರುವುದರೊಳಗೆ ತಿರುಗಿ ಬರುತ್ತಿದ್ದರು. ಅವರಿಗೇನು ಕರುಳಿರಲಿಲ್ಲವೇ? ಮನೆಯಲ್ಲಿ ಮಕ್ಕಳಿದ್ದವು. ಆ ಅಣ್ಣನಿಗೂ ಮಕ್ಕಳಿರಬಹುದು. ನಾನೇ ಆಗಿದ್ದರೂ ಅಷ್ಟೇ ಮಾಡುತ್ತಿದ್ದೆ.

ನೀನು ಅವಳ ಮನೆಯ ಕಡೆ ಹೋಗಬೇಡ. ಅವಳು ಮುಟ್ಟಿದ ನೀರು ಕುಡಿಯಬೇಡ. ನಿನಗೆ ಏನಾದರೂ ಆದರೆ ನನ್ನ ಬಾಣಕ್ಕೆ ಗರಿ ಕಟ್ಟುವವರು ಯಾರು?

ಮಚ್ಚೇಂದ್ರ

ಮೋರಖಂಡಿ
ತಾ. ೩-೧೧-೧೯೬೮

ದ್ರೌಪತಿಗೆ,

ಎಂಟು ತಿಂಗಳು ನಿನ್ನ ಕಾಗದವಿರಲಿಲ್ಲ. ನೋಡಿಯಾದರೂ ಬರೋಣವೆಂದು ಕಡ್ಡಿ ಗರಿ ಹೊತ್ತುಕೊಂಡು ದೀಪಾವಳಿಗೆ ನಾನೇ ಬಂದೆ. ಬಂದು ಏನು ಕಂಡೆ ಎಂದು ನಿನಗೇ ಬರೆಯಬೇಕಾಗಿದೆ, ಯಾಕೆಂದರೆ ಅಲ್ಲಿ ನಿನ್ನ ಹತ್ತಿರ ಮಾತಾಡಲು ಆಗಲಿಲ್ಲ.

ನೀನು ಬಾಗಿಲ ಹಿಂದೆ ನಿಂತೆ. ಎರಡೂ ಕೈ ಸೆರಗಿನೊಳಗೆ. ಬಿಸಿಲಲ್ಲಿ ಬಂದ ಅಣ್ಣನಿಗೆ, “ಗಡಿಗ್ಯಾಗ ನೀರು ಅದ, ನೀನs ತಗೊ ಅಣ್ಣಾ” ಎಂದೆ. ನಾನು ನೆಂಟನೋ, ದಾರಿಹೋಕನೋ? ಸಣ್ಣವಳಿದ್ದಾಗ ಊಟಕ್ಕೆ ಕೂತರೆ ನನ್ನ ತಾಟಿನಿಂದ ರೊಟ್ಟಿ ಕಸಿದುಕೊಂಡು ಓಡುತ್ತಿದ್ದವಳು ನೀನು. ಮುನ್ನಿ ಬೀ ತನ್ನ ಮನೆಯಿಂದ ಚಹಾ ತಂದುಕೊಟ್ಟಳು. “ತಂಗಿ ಮ್ಯಾಲ ಸಿಟ್ಟಾಗಬ್ಯಾಡ್ರಿ, ಆಕಿ ಭಾಳ ದಣದಾಳ್ರಿ” ಎಂದಳು. ನಿನ್ನ ಪರವಾಗಿ ನೆರೆಯವರು ಮಾತಾಡಬೇಕಾಯಿತು.

ಮನೆಗೆ ಬಂದು ನಿನ್ನ ವೈನಿಗೆ ಎಲ್ಲ ಚೆನ್ನಾಗಿದೆ ಎಂದು ಹೇಳಿದೆ. ಅಲ್ಲಿ ಬಿಟ್ಟುಬಂದ ಕಡ್ಡಿಗಳಿಗೆ ಗರಿ ಕಟ್ಟಿ ಬೇಗ ಕಳಿಸು. ಜೋಳ ತೆನೆಗೆ ಬರುತ್ತಿದೆ.

ಮಚ್ಚೇಂದ್ರ

ಹುಮನಾಬಾದ
ತಾ. ೫-೧-೧೯೬೯

ಅಣ್ಣನಿಗೆ ನಮಸ್ಕಾರ.

ಬಾಣ ಕಳಿಸಿದ್ದೇನೆ. ಎಲ್ಲ ಗರಿಯನ್ನೂ ತುಟಿಯ ಮೇಲೆ ಎರಡೆರಡು ಸಲ ಎಳೆದು ನೋಡಿದ್ದೇನೆ. ಈ ಸಲ ರೆಕ್ಕೆ ತಪ್ಪಿಲ್ಲ. ನರದ ಒಂದು ತುದಿಯನ್ನು ಹಲ್ಲಿನಿಂದ ಹಿಡಿದು ಬಿಗಿದಿದ್ದೇನೆ. ಬಿಗಿ ಸಾಲದಿದ್ದರೆ ನೀನು ಮೇಲೊಂದು ಸುತ್ತು ಹಾಕಿಕೋ.

ಅಕ್ಷರ ದಪ್ಪ ಬಿದ್ದಿವೆ. ಪೆನ್ನು ಹೊಸದು.

ನೀರಿನ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಒಂದು ಕೇಳುವುದಿದೆ. ಬೇಸಿಗೆಗೆ ನಾನು ಮೋರಖಂಡಿಗೆ ಬಂದು ಸ್ವಲ್ಪ ಹೆಚ್ಚು ದಿನ ಇರಬೇಕೆಂದಿದ್ದೇನೆ. ಹಿತ್ತಲಿನ ಕೊಟ್ಟಿಗೆಯ ಪಕ್ಕದ ಕೋಣೆ ಖಾಲಿ ಇದೆಯೇ? ಮನೆಯೊಳಗೆ ಬೇಡ. ಮಕ್ಕಳ ಗದ್ದಲ ಈಗ ನನಗೆ ಆಗುವುದಿಲ್ಲ. ನನ್ನ ತಾಟು ತಂಬಿಗೆ ನಾನೇ ತರುತ್ತೇನೆ. ಬೇಗ ಬರೆ. ಇಲ್ಲಿ ಅತ್ತೆಗೆ ನಾನು ಉತ್ತರ ಹೇಳಬೇಕು.

ದ್ರೌಪತಿ

ಮೋರಖಂಡಿ
ತಾ. ೨-೨-೧೯೬೯

ದ್ರೌಪತಿಗೆ,

ಮಾವ ಹಾಸಿಗೆ ಹಿಡಿದಿದ್ದಾನೆ. ಹಳ್ಳದ ಪೊದೆಯಿಂದ ದೊಡ್ಡ ಹಂದಿ ಎದ್ದಿತು, ಹತ್ತಿರವೇ. ಗುರಿ ಹಿಡಿದು ಬಿಟ್ಟೆ. ಹೆದೆಯಿಂದ ಹೊರಟ ಕೂಡಲೇ ನೀನು ಕಟ್ಟಿದ ನರ ಸಡಿಲಿ ಗರಿ ಕಿತ್ತು ಗಾಳಿಗೆ ಹೋಯಿತು. ಬಾಣ ಅಡ್ಡ ಬಿದ್ದಿತು. ಹಂದಿ ತಿರುಗಿದ್ದು ಮಾವನ ಮೇಲೆ. ತೊಡೆ ಮೊಣಕಾಲಿನವರೆಗೆ ಸೀಳಿದೆ. ಇನ್ನು ಅವನು ನೆಟ್ಟಗೆ ನಡೆಯುವುದಿಲ್ಲ. ಅಷ್ಟಾದರೂ, “ಹುಡುಗಿಗಿ ಏನೂ ಬರೀಬ್ಯಾಡ” ಎಂದ. ನಾನು ಬರೆಯುತ್ತೇನೆ.

ನೀನು ಬಿಗಿ ಸಾಲದು ಎಂದು ಗೊತ್ತಿದ್ದೇ ಕಳಿಸಿದೆ. ಮೇಲೊಂದು ಸುತ್ತು ನಾನು ಹಾಕಿಕೊಳ್ಳಬೇಕಂತೆ. ಹಾಕಲಿಲ್ಲ, ಯಾಕೆಂದರೆ ನಿನ್ನ ಕೈಯ ಮೇಲೆ ಕೈ ಇಡುವ ಪದ್ಧತಿ ನಮ್ಮಲ್ಲಿಲ್ಲ.

ನಮ್ಮ ಮಕ್ಕಳ ಗದ್ದಲ ನಿನಗೆ ಆಗುವುದಿಲ್ಲ. ನಮ್ಮ ತಾಟು ತಂಬಿಗೆ ಆಗುವುದಿಲ್ಲ. ನಮಗೆ ನೀರು ಕೊಡಲು ಕೈ ಬರುವುದಿಲ್ಲ. ಮಾವ ಹೇಳಿದ್ದೇ ನಿಜ, ತಿರುಗಿದ್ದು ಬಾಣವಲ್ಲ. ಕೋಣೆಯಲ್ಲಿ ಹೊಟ್ಟು ತುಂಬಿದೆ.

ಇನ್ನು ನೀನು ತೊಂದರೆ ತೆಗೆದುಕೊಳ್ಳಬೇಡ. ನನ್ನ ಗರಿ ನಾನೇ ಕಟ್ಟಿಕೊಳ್ಳುತ್ತೇನೆ.

ಮಚ್ಚೇಂದ್ರ

ಹುಮನಾಬಾದ
ತಾ. ೧೦-೨-೧೯೬೯

ಅಣ್ಣನಿಗೆ ನಮಸ್ಕಾರ.

ಕಾಗದ ಮುಟ್ಟಿತು. ಮಾವನ ಕಾಲಿಗೆ ನನ್ನ ಹಣೆ ಮುಟ್ಟಿಸಿದೆನೆಂದು ಹೇಳು.

ನೀನು ಬರೆದದ್ದು ಸರಿ. ನಾನೇ ಹೇಳಬೇಕೆಂದಿದ್ದೆ. ಕಟ್ಟುವುದು ಕಠಿಣವಲ್ಲ, ಹೇಳುತ್ತೇನೆ. ಗರಿಯ ಬೆನ್ನು ಮೇಲೆ ಮಾಡಿ ತುಟಿಗೆ ಎಳೆ. ಬಲಕ್ಕೆ ಬಾಗಿದವೆಲ್ಲ ಒಂದು ಕಡೆ, ಎಡಕ್ಕೆ ಬಾಗಿದವೆಲ್ಲ ಒಂದು ಕಡೆ ಇಡು. ಹುಳ ತಿಂದದ್ದು ಬೇಡ. ನವಿಲಿನ ಬಾಲದ ಗರಿ ಚೆಂದವೆಂದು ಆಸೆ ಪಡಬೇಡ, ಅದು ಮೆತ್ತಗೆ. ಮೂರು ಗರಿಯಲ್ಲಿ ಒಂದು ಬಿಲ್ಲಿಗೆ ತಾಗದ ಹಾಗೆ ಹೊರಮುಖ ಮಾಡು. ಹೆದೆ ಕೂರುವ ಸೀಳಿನಿಂದ ಎರಡು ಬೆರಳು ಬಿಟ್ಟು ಶುರು ಮಾಡು. ಮುಂದಿನ ದಂಟಿನ ತುದಿಯನ್ನು ಚೂಪು ಬಿಡಬೇಡ, ಬಾಣ ಬಿಡುವಾಗ ನಿನ್ನ ಎಡಗೈ ಕೊಯ್ದೀತು. ನರವನ್ನು ಹಸಿ ಇದ್ದಾಗಲೇ ಸುತ್ತು, ಒಣಗಿದಂತೆ ತಾನೇ ಬಿಗಿಯುತ್ತದೆ.

ಅರಗು ಬಿಸಿ ಇದ್ದಾಗ ಮಾತ್ರ ಬೆರಳು ತಾಗಿಸಬೇಡ. ಆಯಿಯ ಹಾಗೆ ಹಸಿ ಕಡ್ಡಿ ಬಳಸು.

ನಾನು ಅತ್ತೆಯ ಜೊತೆ ಪಂಢರಪುರಕ್ಕೆ ಹೋಗುತ್ತಿದ್ದೇನೆ. ಯಾವಾಗ ತಿರುಗಿ ಬರುವುದೋ ಗೊತ್ತಿಲ್ಲ. ಅಲ್ಲಿಯವರೆಗೆ ಕಾಗದ ಹಾಕಬೇಡ. ಇಲ್ಲಿ ಎಲ್ಲ ಕ್ಷೇಮ.

ದ್ರೌಪತಿ

ಮೋರಖಂಡಿ
ತಾ. ೧೯-೨-೧೯೬೯

ದ್ರೌಪತಿ,

ಬಸ್ಸು ಹೊರಡುವುದರಲ್ಲಿದೆ, ಸೂರ್ಯಕಾಂತ ನಿಂತಿದ್ದಾನೆ.

ನಿನ್ನೆ ಗರಿ ಕಟ್ಟಲು ಕೂತೆ. ನೀನು ಹೇಳಿದಂತೆ ತುಟಿಗೆ ಎಳೆದೆ, ನರ ಸುತ್ತಿದೆ. ಅರಗಿಗೆ ಬಂದಾಗ ನನಗೆ ಹಟ. ತಾನು ಬೆರಳಿನಿಂದ ಒತ್ತಿ ನನಗೆ ಕಡ್ಡಿ ಹಿಡಿ ಎಂದು ಬುದ್ಧಿ ಹೇಳುತ್ತಾಳೆ ಎಂದು ನಾನೂ ಹೆಬ್ಬೆರಳಿನಿಂದ ಒತ್ತಿದೆ. ಚೀರಿದ್ದಕ್ಕೆ ಮನೆಯವರೆಲ್ಲ ಓಡಿ ಬಂದರು. ಚರ್ಮ ಅರಗಿಗೆ ಅಂಟಿ ಬಂತು. ಅಚ್ಚು ಮೂಡುವಷ್ಟು ಹೊತ್ತು ಇಡಲು ನನ್ನಿಂದ ಆಗಲಿಲ್ಲ. ನನ್ನ ಒರಟು ಕೈಯಿಂದ ಆಗಲಿಲ್ಲ.

ನಿನ್ನ ಹಳೆಯ ಬಾಣ ತೆಗೆದು ನೋಡಿದೆ. ಎಲ್ಲದರ ಮೇಲೂ ಬೆರಳು. ಗೆರೆ ಗೆರೆ ಎಣಿಸುವ ಹಾಗೆ. ಅಷ್ಟು ಹೊತ್ತು ಹೇಗೆ ಇಟ್ಟೆ? ಮಾವ ಹಾಸಿಗೆಯಿಂದಲೇ, “ಆಕಿಗಿ ಹತ್ತಿಲ್ಲೋ ಮಚ್ಚೇಂದ್ರಾ, ಬಿಸಿ ಹತ್ತಿಲ್ಲ” ಎಂದ. ಆಮೇಲೆ ಎಲ್ಲ ಒಂದರ ಹಿಂದೆ ಒಂದು ನೆನಪಾಯಿತು. ರೊಟ್ಟಿಯ ವಾಸನೆ. ಆ ಹೆಂಗಸು. ಸೆರಗು. ನೀರು.

ನಾನು ಬರೆದದ್ದು ಯಾರಿಗೆ ಎಂದು ನನಗೆ ಗೊತ್ತಿರಲಿಲ್ಲ.

ಎಲ್ಲಿಗೂ ಹೋಗಬೇಡ. ಮಾವನ ಗಾಯ ತೊಳೆಯಲು ಯಾರನ್ನಾದರೂ ಗೊತ್ತು ಮಾಡಿ ನಾಳೆ ಬರುತ್ತೇನೆ. ಹೊಟ್ಟು ತೆಗೆಸಿದ್ದೇನೆ, ಆದರೆ ಆ ಕೋಣೆಯಲ್ಲಿ ಅಲ್ಲ, ನಡುಮನೆಯಲ್ಲಿ ಇರುವಿಯಂತೆ. ಆ ಬಾಣ ಅರ್ಧಕ್ಕೇ ಬಿಟ್ಟಿದ್ದೇನೆ. ನಾನು ಕಟ್ಟಿಲ್ಲ. ಕೇಳಿದೆಯಾ, ಕಟ್ಟಿಲ್ಲ.

ಮಚ್ಚೇಂದ್ರ

ಮೋರಖಂಡಿ
ತಾ. ೨೫-೪-೧೯೭೧

ತಂಗಿ ದ್ರೌಪತಿಗೆ ಅಣ್ಣನ ಆಶೀರ್ವಾದ.

ಈ ಕಾಗದವನ್ನೂ ಮುನ್ನಿ ಬೀ ಮನೆಗೆ ಹಾಕುತ್ತಿದ್ದೇನೆ. ನೀನು ಹುಮನಾಬಾದಿಗೆ ಬಂದರೆ ಹೋಗುವುದು ಅವಳಲ್ಲಿಗೇ. ಮುಂಚಿನ ಕಾಗದಗಳು ಅವಳ ಟ್ರಂಕಿನಲ್ಲಿ ಹಾಗೆಯೇ ಇವೆಯಂತೆ.

ಇಲ್ಲಿ ನಾವು ಇದ್ದೇವೆ. ಹಂದಿಗಳು ಕ್ಷೇಮ.

ಹಿಂದಿನ ಕಾಗದಗಳಲ್ಲಿ ಬರೆಯಲಾಗದ್ದನ್ನು ಈಗ ಬರೆಯುತ್ತೇನೆ. ಆ ದಿನ ನಾನು ಬಂದಾಗ ನೀನು ಹೋಗಿ ವಾರದ ಮೇಲಾಗಿತ್ತು. ನಿನ್ನ ಅತ್ತೆ ನನ್ನನ್ನು ಒಳಗೆ ಕರೆಯಲಿಲ್ಲ. ಪಂಢರಪುರದ ಸುದ್ದಿ ಎತ್ತಿದರೆ, “ಯಾವ ಪಂಢರಪುರರಿ?” ಎಂದರು. “ಬ್ಯಾನಿ ಗೊತ್ತಾಗಿ ಮೂರು ತಿಂಗಳಾಗಿತ್ತು. ಆದ್ರೂ ಇಟಗೊಂಡಿದ್ದಿವಿ. ‘ನಮ್ಮಣ್ಣಗ ಬರದೀನಿ ಅತ್ತಿ, ಬಂದು ಕರ್ಕೊಂಡು ಹೋಗ್ತಾನ, ಅಲ್ಲೀತನಾ ತಾಳ್ರಿ’ ಅಂತಿದ್ದಳು. ನಿಮ್ಮ ಕಾಗದ ಬಂತು. ಓದಿದಳು, ಮಡಚಿದಳು. ‘ಅಣ್ಣ ಗರಿ ತಾನೇ ಕಟ್ಟಿಕೊಂಡ’ ಅಂದಳು. ನಮಗೇನು ತಿಳೀಲಿಲ್ಲ. ಅಂದs ಗಂಟು ಕಟ್ಟಿದಳು.” ಪಂಡರಿ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನನ್ನು ಬೈಯದೆ ಹೋಗಿ ಮುನ್ನಿ ಬೀ ಬಾಗಿಲು ತಟ್ಟಿದೆ.

ನೀನು ಸೋಲಾಪುರದ ಬಸ್ಸು ಹತ್ತಿದೆ ಎಂದು ಅವಳು ಹೇಳಿದಳು. ಹೋದೆ. ಆ ರೋಗದವರು ಇರುವಲ್ಲೆಲ್ಲ ತಿರುಗಿದೆ. ಒಂದು ಕುಷ್ಠಾಶ್ರಮದ ಕಾವಲುಗಾರ, “ಹುಮನಾಬಾದ ಕಡೀದು ಒಬ್ಬಾಕಿ ಇದ್ದಳ್ರಿ. ಹಸರ ಬಳಿ ಸೆರಗಿನ್ಯಾಗ ಕಟಗೊಂಡಿದ್ದಳು, ಕೈಗಿ ಇಟ್ಟಿದ್ದಿಲ್ಲ. ಯಾರರೆ ಇದ್ದಾರೇನು ಅಂತ ಕೇಳಿದ್ರ, ಯಾರೂ ಇಲ್ಲ ಅಂದಳು. ಮಳೆಗಾಲದಾಗ ಎದ್ದು ಹ್ವಾದಳು” ಎಂದ. ಎಲ್ಲಿಗೆಂದು ಯಾರೂ ಕೇಳಿರಲಿಲ್ಲ. ಆಮೇಲೆ ಲಾತೂರಿಗೆ ಹೋದೆ, ಗುಲಬರ್ಗಾಕ್ಕೆ ಹೋದೆ. ಈಗ ಎಲ್ಲಿಗೆ ಹೋಗಬೇಕು ಎಂದು ತಿಳಿಯುತ್ತಿಲ್ಲ. ಸೂರ್ಯಕಾಂತ ಟಿಕೀಟು ಕೊಡುವಾಗ ಮೊದಲಿನ ಹಾಗೆ ಚೇಷ್ಟೆ ಮಾಡುವುದಿಲ್ಲ.

ಮಾವ ಕೋಲು ಹಿಡಿದು ನಡೆಯುತ್ತಾನೆ. ಬಿಲ್ಲಿನ ಹೆದೆ ಬಿಚ್ಚಿಟ್ಟಿದ್ದೇನೆ. ಊರವರು, “ಗರಿಗೇನು ದೊಡ್ಡ ಮಾತೋ, ನಿನ್ನ ಹೇಣ್ತಿ ಕಟ್ಟತಾಳಲ್ಲ” ಎನ್ನುತ್ತಾರೆ. ನಿನ್ನ ವೈನಿಯೇ ಅವರಿಗೆ ಎದುರು ಮಾತಾಡುತ್ತಾಳೆ: “ಅವರ ತಂಗಿ ಇದ್ದಾಳ್ರಿ.”

ನೀನು ಕಟ್ಟಿದ ಬಾಣಗಳಲ್ಲಿ ಹುಳ ತಿನ್ನದೆ ಒಂದೇ ಉಳಿದಿದೆ. ಗರಿ ಬೆರಕೆಯಾದದ್ದು, ಎರಡು ಎಡದ್ದು, ಒಂದು ಬಲದ್ದು. ಅದನ್ನು ಬಿಡುವುದಿಲ್ಲ. ಈ ವರ್ಷದ ಬಿಸಿಲು ಕೆಟ್ಟದ್ದು. ನೀನು ಅರಗಿಗೆ ಮೇಣ ಬೆರೆಸಿದ್ದೆಯಲ್ಲ, ಮೊನ್ನೆ ನೋಡಿದರೆ ಮೆತ್ತಗಾಗಿ ನಿನ್ನ ಹೆಬ್ಬೆರಳಿನ ಗೆರೆಗಳು ಒಂದು ಅಂಚಿನಲ್ಲಿ ಒಂದಕ್ಕೊಂದು ಕೂಡಿ ಅಳಿಯತೊಡಗಿದ್ದವು. ಬಾಣವನ್ನು ಕುಡಿಯುವ ನೀರಿನ ಗಡಿಗೆಯ ಪಕ್ಕ ತಂಪಿನಲ್ಲಿ ಇಟ್ಟಿದ್ದೇನೆ. ಅದನ್ನು ಯಾರೂ ಬೆರಳಿನಿಂದ ಮುಟ್ಟಬಾರದೆಂದು ಮಕ್ಕಳಿಗೆ ಹೇಳಿದ್ದೇನೆ.

ನಿನ್ನ ಅಣ್ಣ
ಮಚ್ಚೇಂದ್ರ